ಮಹಾನವಮಿಯ ಮರುದಿನದ ಮೊದಲ ಬಿಲ್ಲು

ನಾನು ಒಂದು ಲೈನ್ ಪ್ರಿಂಟರ್. ಒಂದೊಂದೇ ಅಕ್ಷರ ಪೋಣಿಸುತ್ತ ಕೂರುವ ಜಾತಿ ನನ್ನದಲ್ಲ. ಹೊಟ್ಟೆಯೊಳಗೆ ಸಾಲಾಗಿ ಪುಟ್ಟ ಸುತ್ತಿಗೆಗಳಿವೆ. ಅವು ಶಾಯಿಪಟ್ಟಿಯ ಮೇಲೆ ದಡಬಡ ಬಡಿದರೆ ಸಾಲಿಗೆ ಸಾಲೇ ಮೂಡುತ್ತದೆ. ಕಾರ್ಖಾನೆಯಲ್ಲಿ ಮೊದಲ ಸಲ ಓಡಿಸಿದಾಗ ನನ್ನನ್ನು ಮಾಡಿದವರೇ ಕಿವಿ ಮುಚ್ಚಿಕೊಂಡರು. ನನಗೇನು, ಹೆಮ್ಮೆಯೇ ಆಯಿತು.

ಮೊದಲು ಒಂದು ಬಟ್ಟೆ ಗಿರಣಿಯಲ್ಲಿ ಸಂಬಳದ ಚೀಟಿ ಬಡಿಯುತ್ತಿದ್ದೆ. ಗಿರಣಿ ಮುಚ್ಚಿತು. ಹರಾಜಿನಲ್ಲಿ ನನ್ನನ್ನು ಕೊಂಡವರು ಹುಬ್ಬಳ್ಳಿಯ ಔಷಧಿ ಸಗಟು ವ್ಯಾಪಾರಿ ಅಡಿವೆಪ್ಪ ಸಾಹುಕಾರರು. ಅಲ್ಲಿ ನನ್ನನ್ನು ನಡೆಸುತ್ತಿದ್ದವಳು ಪ್ರೇಮಾ ಬಡಿಗೇರ. ಕಾಗದ ಹಾಕುವಾಗೆಲ್ಲ "ತಿನ್ನು, ಬಕಾಸುರ" ಎಂದು ನಗುತ್ತಿದ್ದಳು.

ಆ ವರ್ಷ ಮಹಾನವಮಿಗೆ ತಕ್ಕಡಿ, ಟೆಂಪೋಗಳ ಪೂಜೆ ಮುಗಿಸಿ ಸಾಹುಕಾರರು ನನ್ನ ಮುಚ್ಚಳ ತೆಗೆಸಿದರು.

"ಹೊರಗ ಹಚ್ಚ್ರಿ ಸಾಹುಕಾರ್ರ, ಒಳಗ ಬ್ಯಾಡ" ಎಂದಳು ಪ್ರೇಮಾ.

"ದುಡಿಯೂದು ಒಳಗಿಂದವಾ. ಅದಕ್ಕ ಪೂಜಿ ಬ್ಯಾಡೇನು?" ಎಂದವರೇ ಸುತ್ತಿಗೆಗಳಿಗೇ ಕುಂಕುಮ ಹಚ್ಚಿ, ಒಡೆದ ಕಾಯಿಯ ನೀರು ಚಿಮುಕಿಸಿದರು. ಭಕ್ತಿಯಿಂದಲೇ ಮಾಡಿದರು, ಪುಣ್ಯಾತ್ಮರು. ಬೆಳಗಾಗುವಷ್ಟರಲ್ಲಿ ಅದೆಲ್ಲ ಅಂಟಾಗಿ ಕೂತಿತ್ತು.

ಮರುದಿನ ಬಾಗಿಲು ತೆಗೆಯುತ್ತಲೇ ಫಕ್ಕೀರಪ್ಪ ಎಂಬವನು ಓಡಿಬಂದ. ಶೇಂಗಾ ಹೊಲದಲ್ಲಿ ಅವನ ಹೆಂಡತಿಗೆ ಹಾವು ಕಚ್ಚಿತ್ತು. ಅವಳನ್ನು ಸೇರಿಸಿದ ಆಸ್ಪತ್ರೆಯಲ್ಲಿ ವಿಷ ಇಳಿಸುವ ಔಷಧಿ ತೀರಿತ್ತು, ಹಬ್ಬಕ್ಕೆ ಅಂಗಡಿಗಳೆಲ್ಲ ಮುಚ್ಚಿದ್ದವು. ನಮ್ಮ ಫ್ರಿಜ್ಜಿನಲ್ಲಿ ಅದು ಇತ್ತು. ಪ್ರೇಮಾ ಸೀಸೆಗಳನ್ನು ಐಸ್ ಡಬ್ಬಿಗೆ ತುಂಬಿದಳು. ಸಾಹುಕಾರರು ಡಬ್ಬಿಯ ಮೇಲೆ ಕೈಯಿಟ್ಟರು.

"ಪೂಜಿ ಆದ ಮ್ಯಾಲಿನ ಮೊದಲನೇ ಬಿಲ್ಲು ಮಷೀನಿನಿಂದನ ಬರಬೇಕು. ಕೈಲೆ ಬರದ್ರ ಅಪಶಕುನ. ಆ ಹೆಣ್ಮಗಳಿಗೂ ಛಲೋ ಅಲ್ಲ."

ಮೋಟಾರು ತಿರುಗಿತು, ಸುತ್ತಿಗೆಗಳು ಏಳಲಿಲ್ಲ. ಪ್ರೇಮಾ ಕೂದಲ ಪಿನ್ನು ಕಿತ್ತು ಕುಂಕುಮ ಕೆರೆಯತೊಡಗಿದಳು.

"ಅಕ್ಕಾರ, ಅಕಿ ಕಣ್ಣು ತೆರ್ಯಾಕ ಆಗವಲ್ಲದ್ರಿ" ಎಂದ ಫಕ್ಕೀರಪ್ಪ, ಬಾಗಿಲಿಗೂ ಮೇಜಿಗೂ ನಡುವೆ ನಿಂತು.

"ಬಿಟ್ಟಬಿಡ್ರಿ ಸಾಹುಕಾರ್ರ, ಕೈ ಮುಗೀತೀನಿ" ಎಂದಳು ಪ್ರೇಮಾ.

"ಬರತೈತವಾ, ಬರತೈತಿ. ಇನ್ನೊಂದ್ಸಲ ಹಚ್ಚು."

ಬಡಿಯೋ ಮುಂಡೇದೇ, ಬಡಿ ಎಂದು ನನ್ನನ್ನು ನಾನೇ ಬೈದುಕೊಂಡೆ. ಒಂದು ಸುತ್ತಿಗೆ ಎದ್ದರೆ ಪಕ್ಕದ್ದು ಹಿಡಿಯುತ್ತಿತ್ತು. ಅಂಥ ಸಂಕಟ ನನಗೆ ಹಿಂದೆಂದೂ ಆಗಿರಲಿಲ್ಲ. ಬಿಸಿಲು ಮೇಜಿನ ಮೇಲೆ ಬಂದ ಹೊತ್ತಿಗೆ ಹೇಗೋ ಹರಕುಮುರುಕಾಗಿ ಬಿಲ್ಲು ಹೊರಬಂತು. ಫಕ್ಕೀರಪ್ಪ ಡಬ್ಬಿ ಎತ್ತಿಕೊಂಡು ಓಡಿದ. ಸಾಹುಕಾರರು ನನಗೆ ಕೈ ಮುಗಿದರು.

ಮಧ್ಯಾಹ್ನ ಅವನು ಮರಳಿ ಬಂದ. ಡಬ್ಬಿಯನ್ನು ಮೇಜಿನ ಮೇಲಿಟ್ಟ. ಒಂದು ಸೀಸೆಯ ಮುಚ್ಚಳವೂ ತೆಗೆದಿರಲಿಲ್ಲ.

"ವಾಪಸ್ ಇಟ್ಕೋರಿ. ಮತ್ಯಾರಿಗರೆ ಬೇಕಾದೀತು."

ಸಾಹುಕಾರರು ಕುರ್ಚಿ ಹಿಡಿದು ಕೂತರು. ಪ್ರೇಮಾ ನನ್ನ ಸ್ವಿಚ್ಚು ಆರಿಸಿದಳು. ಮತ್ತೆ ಆಕೆ ನನ್ನನ್ನು ಮುಟ್ಟಲಿಲ್ಲ. ಆ ವಾರವೇ ಕೆಲಸ ಬಿಟ್ಟಳು.

ಈಗ ಗುಜರಿಯಲ್ಲಿದ್ದೇನೆ. ಬಂದವರೆಲ್ಲ ನನ್ನೊಳಗೆ ತಾಮ್ರ ಎಷ್ಟಿದೆ ಎಂದು ಕೇಳುತ್ತಾರೆ. ಜನ್ಮವೆಲ್ಲ ಹೆಸರುಗಳನ್ನೇ ಬಡಿದವನು ನಾನು. ಆ ಹೆಣ್ಣುಮಗಳ ಹೆಸರು ಮಾತ್ರ ನನಗೆ ತಿಳಿಯದು. ಬಿಲ್ಲಿನಲ್ಲಿ ಇದ್ದದ್ದು ಗಂಡನ ಹೆಸರು.