ಬೀಗಿತ್ತಿಯ ಇಲಿಗಳು

ಮದುವೆಯೇ ಆಗದವಳನ್ನು ಇಡೀ ಪ್ರಯೋಗಾಲಯ ಬೀಗಿತ್ತಿ ಎಂದು ಕರೆಯುತ್ತಿತ್ತು. ಮಗಳಿಲ್ಲ, ಅಳಿಯನಿಲ್ಲ, ಬೀಗರಿಲ್ಲ. ಇದ್ದದ್ದು ಸೊಂಟದಲ್ಲಿ ಹನ್ನೊಂದು ಬೀಗದ ಕೈಗಳ ಗೊಂಚಲು. ಮೆದುಳಿನ ವಿಜ್ಞಾನದಲ್ಲಿ ಪಿಎಚ್.ಡಿ. ಮಾಡುತ್ತ ಐದನೇ ವರ್ಷಕ್ಕೆ ಬಿದ್ದಿದ್ದಳು. ಎಲ್ಲರಿಗಿಂತ ಹಿರಿಯಳೆಂಬ ಗೌರವಕ್ಕೆ ಸಿಕ್ಕ ಆಸ್ತಿ ಆ ಗೊಂಚಲೊಂದೇ. ಫ್ರಿಜ್ಜಿನ ಕೀಲಿ, ಮದ್ದಿನ ಕಪಾಟಿನ ಕೀಲಿ, ಇಲಿಗಳ ಕೋಣೆಯ ಕೀಲಿ. ಯಾವುದರದೆಂದು ಯಾರಿಗೂ ಗೊತ್ತಿಲ್ಲದವೂ ಎರಡಿದ್ದವು.

ಅವಳ ಕೆಲಸ ಇಲಿಗಳಿಗೆ ಹೆದರಿಕೆ ಕಲಿಸುವುದು, ಆಮೇಲೆ ಅದನ್ನು ಮರೆಸುವುದು. ಮೊದಲ ದಿನ ಪೆಟ್ಟಿಗೆಯೊಳಗೆ ‘ಪೀ’ ಎಂಬ ಸದ್ದು, ಹಿಂದೆಯೇ ಪಾದಕ್ಕೆ ಚುರುಕ್ಕೆನ್ನುವ ಶಾಕ್. ಮರುದಿನ ಪಕ್ಕದ ಕೋಣೆಯಲ್ಲಿ ಅವಳ ಕಿರಿಯ ಸಹಪಾಠಿಯೊಬ್ಬಳು ಹೆದರಿಕೆ ನೆನಪಾಗಲೆಂದು ಅದೇ ಸದ್ದು ಕೇಳಿಸಿ, ಆ ನೆನಪು ಅಳಿಸಲು ಅರ್ಧ ಇಲಿಗಳಿಗೆ ಮದ್ದು, ಉಳಿದರ್ಧಕ್ಕೆ ಬರೀ ಉಪ್ಪುನೀರು ಚುಚ್ಚುತ್ತಿದ್ದಳು. ಯಾವುದಕ್ಕೆ ಯಾವುದು ಎಂಬ ಪಟ್ಟಿ ಅಂಟಿಸಿದ ಲಕೋಟೆಯಲ್ಲಿ, ಬೀಗಿತ್ತಿ ನೋಡುವಂತಿಲ್ಲ. ಮೂರನೇ ದಿನ ಅವಳು ಸದ್ದು ಮಾಡಿ ಪರೀಕ್ಷಿಸಬೇಕು. ಮದ್ದು ಕೆಲಸ ಮಾಡಿದ್ದರೆ ಆ ಇಲಿಗಳು ಹೆದರಬಾರದು. ಆದರೆ ಎಂಟು ತಿಂಗಳಿಂದ ಮದ್ದಿನವೂ ನೀರಿನವೂ ಒಂದೇ ಸಮ ಕಲ್ಲಾಗಿ ನಿಲ್ಲುತ್ತಿದ್ದವು.

“ಸೋಮವಾರ ಕೊನೇ ಸಲ ನೋಡೋಣ. ಆಗ್ಲಿಲ್ಲ ಅಂದ್ರೆ ಈ ವಿಷಯ ಬಿಟ್ಟು ಬೇರೆ ಶುರು ಮಾಡು,” ಎಂದಿದ್ದರು ಗೈಡ್ ಮೇಡಂ. ಬೇರೆ ಶುರು ಮಾಡುವುದಂತೆ! ಐದು ವರ್ಷ ನೀರಲ್ಲಿ ಹೋಮ ಮಾಡಿದ ಮೇಲೆ.

ಫೋನಿನಲ್ಲಿ ಅಮ್ಮ ಹೊಲಿಗೆ ಮಷಿನ್ ನಿಲ್ಲಿಸದೆಯೇ ಕೇಳಿಸಿಕೊಂಡಳು. “ಬೆಟ್ಟ ಅಗೆದು ಇಲಿ ಹಿಡಿದ್ರು ಅಂತ ಕೇಳಿದ್ದೆ. ನಿನಗೆ ಇಲೀನೂ ದಕ್ಕಲಿಲ್ವಲ್ಲೇ!” ಇಬ್ಬರೂ ನಕ್ಕರು. ಫೋನ್ ಇಟ್ಟ ಮೇಲೆ ಮಗಳಿಗೆ ಅಳು ತಡೆಯಲಾಗಲಿಲ್ಲ.

ಶನಿವಾರ ಬೆಳಿಗ್ಗೆ ಪರೀಕ್ಷೆಗೆ ಉಳಿದಿದ್ದು ಕೊನೆಯ ಹನ್ನೆರಡು ಇಲಿಗಳು. ಪಂಜರಗಳಿಗೆ ಹೊಸ ಹೊಟ್ಟು ಹಾಸುತ್ತಿದ್ದ ಹಿರಿಯರನ್ನು ಎಲ್ಲರೂ ಕರೆಯುವುದು ಇಲಿ ಮಾವ ಎಂದು. ಅವರು ಕೈ ಒರೆಸಿಕೊಂಡರು.

“ಬೇಜಾರಾಗ್ಬೇಡ ಬೀಗಿತ್ತಿ. ನಾನು ಬಂದ್ರೆ ಇವು ಓಡಾಡ್ಕೊಂಡೇ ಇರ್ತವೆ. ನೀನು ಬಾಗಿಲಿಗೆ ಬಂದ್ರೆ ಸಾಕು, ಗರ ಬಡಿದ ಹಾಗೆ ನಿಂತ್ಬಿಡ್ತವೆ.”

“ಸರಿ ಬಿಡಿ ಮಾವ, ಇಲಿಗಳಿಗೂ ನಾನು ಬೇಡವಾದೆ,” ಎಂದು ಮುಖ ಊದಿಸಿಕೊಂಡು ಪಂಜರ ಎತ್ತಲು ಬಗ್ಗಿದಳು. ಗೊಂಚಲು ಝಣಕ್ಕೆಂದಿತು. ಕಾಳು ಕಡಿಯುತ್ತಿದ್ದ ಇಲಿಗಳು ಕಡಿಯುತ್ತಿದ್ದಂತೆಯೇ ನಿಂತವು.

ಅವಳು ಸೊಂಟ ನೋಡಿಕೊಂಡಳು. ಶಾಕ್ ಕೊಟ್ಟ ದಿನವೂ ಬಗ್ಗಿದ್ದಳು, ಪೆಟ್ಟಿಗೆ ಮುಚ್ಚಿದ್ದಳು, ಗೊಂಚಲು ಝಣಕ್ಕೆಂದಿತ್ತು. ಇಲಿಗಳು ಎರಡು ಪಾಠ ಕಲಿತಿದ್ದವು. ಕಿರಿಯಳ ಬಳಿ ಬೀಗದ ಕೈ ಎಲ್ಲಿಂದ ಬರಬೇಕು? ಅವಳ ಮದ್ದು ಮರೆಸಿದ್ದರೆ ‘ಪೀ’ಯನ್ನು ಮಾತ್ರ ಮರೆಸಿರಬೇಕು, ಗೊಂಚಲನ್ನಲ್ಲ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರು ಅನ್ನುತ್ತಾರಲ್ಲ, ಈ ಕೂಸು ಸೊಂಟದಲ್ಲೇ ನೇತಾಡುತ್ತಿತ್ತು.

“ಮಾವ, ಇದನ್ನ ಹಿಡ್ಕೊಂಡು ಹೊರಗೆ ಹೋಗಿ. ಅಲ್ಲಾಡಿಸ್ಬೇಡಿ!”

ಮಾವ ತುಂಬಿದ ಲೋಟ ಹಿಡಿದವರಂತೆ ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟು ನಡೆದರು. ಇಲಿಗಳು ಓಡಾಡುವವರೆಗೂ ಅವಳು ಕಾದಳು. ಆಮೇಲೆ ಒಂದೊಂದನ್ನೇ ಪೆಟ್ಟಿಗೆಗೆ ಬಿಟ್ಟು ಸದ್ದು ಮಾಡಿದಳು. ಮೊದಲನೆಯದು ನಿಂತಿತು. ಎರಡನೆಯದು ಮೀಸೆ ಒರೆಸಿಕೊಂಡು, ಮೂಲೆ ಮೂಸುತ್ತ ಹೊರಟೇಬಿಟ್ಟಿತು.

ಸೋಮವಾರ ಗೊಂಚಲಿನ ಕಥೆಯೆಲ್ಲ ಕೇಳಿ ಮೇಡಂ ತಾವೇ ಲಕೋಟೆ ಒಡೆದರು. ಮದ್ದು ಪಡೆದ ಆರರಲ್ಲಿ ಐದು ಹೆದರಿರಲಿಲ್ಲ. ಉಪ್ಪುನೀರಿನ ಆರೂ ಹೆದರಿದ್ದವು. ಮೇಡಂ ಪಟ್ಟಿಯನ್ನು ಎರಡು ಸಲ ಓದಿ ಕನ್ನಡಕ ತೆಗೆದರು.

“ಹನ್ನೆರಡು ಇಲಿ ಸಾಲಲ್ಲ. ಮೊದಲಿಂದ ಎಲ್ಲಾ ಮತ್ತೆ ಮಾಡ್ಬೇಕು, ಗೊಂಚಲಿಲ್ಲದೆ.”

“ಇದೇ ವಿಷಯಾನಾ, ಮೇಡಂ?”

“ಮತ್ತಿನ್ಯಾವುದು? ಆ ಕೀಲಿಗಳನ್ನ ಮೊದಲು ನನ್ನ ಮೇಜಿನ ಮೇಲಿಡು.”

ಹನ್ನೊಂದು ಕೀಲಿಗಳ ಭಾರ ಇಳಿದ ಸೊಂಟಕ್ಕೆ ನಡಿಗೆಯೇ ಬೇರೆಯಾಗಿತ್ತು. ಮೆಟ್ಟಿಲಲ್ಲೇ ಕುಳಿತು ಅಮ್ಮನಿಗೆ ಫೋನ್ ಮಾಡಿದಳು.

“ಏನಾಯ್ತೇ? ಇಲಿ ಸಿಕ್ತಾ?”

“ಇಷ್ಟು ದಿನ ಇಲಿ ಅಗೀತಿದ್ದೆ ಅಮ್ಮ,” ಎಂದಳು ಮಗಳು. “ಇವತ್ತು ಬೆಟ್ಟ ಸಿಕ್ತು.”

ಆ ಕಡೆ ಹೊಲಿಗೆ ಮಷಿನ್ ನಿಂತಿತು.