ನಾಯಿಗಳ ಪಟ್ಟಿಯಲ್ಲಿ ಒಂದು ಬೆಕ್ಕು

ಪ್ರಾಣಿಗಳ ಆಸ್ಪತ್ರೆಯಲ್ಲಿ ಮುದಿ ಬೆಕ್ಕೊಂದು ನಿನ್ನೆಯಿಂದ ಅನ್ನನೀರು ಬಿಟ್ಟು ಕೂತಿತ್ತು. ಪ್ರಾಣಿ ಹೆದರದಿರಲೆಂದು ಬುಟ್ಟಿಗೆ ಬಟ್ಟೆ ಮುಚ್ಚಿ, ಕಂಪ್ಯೂಟರ್ ಕೊಟ್ಟ ಚೀಟಿ ನೋಡಿ ಗೂಡಿಗೆ ಸೇರಿಸುವುದು ಅಲ್ಲಿನ ಪದ್ಧತಿ. ಚೀಟಿ ಇದನ್ನು ನಾಯಿಗಳ ಕೋಣೆಗೆ ಕಳಿಸಿಬಿಟ್ಟಿತ್ತು. ಗಾಯವೇನೂ ಆಗಿರಲಿಲ್ಲ. ಆದರೆ ಒಂದು ಗಂಟೆ ಕಾಲ ಸುತ್ತ ಬೊಗಳಾಟ ಕೇಳಿದ ಮೇಲೆ ಯಾರಿಗೆ ತಾನೇ ಊಟ ಸೇರುತ್ತದೆ?

ಆ ಪ್ರೋಗ್ರಾಮ್ ಬರೆದವಳು ಮೂರು ವರ್ಷ ಮನೆಯಲ್ಲಿದ್ದು ಈಗಷ್ಟೇ ಕೆಲಸಕ್ಕೆ ಮರಳಿದ್ದಳು. ಕೆಲಸ ಕೊಡಿಸಿದವಳು ಗಂಡನ ಅಕ್ಕ, ಅಲ್ಲಿನ ಹಿರಿಯ ನರ್ಸ್. ಕಂಪ್ಯೂಟರೇ ತಪ್ಪು ಮಾಡಿತು ಎಂದು ಇವಳು ಫೋನಿನಲ್ಲಿ ಹೇಳಿದ್ದನ್ನು ಅಕ್ಕ ನಂಬಿದ್ದಳು. ಪ್ರೋಗ್ರಾಮ್ ಇರಬೇಕೋ ಹಳೇ ರಿಜಿಸ್ಟರೇ ಸಾಕೋ ಎಂದು ದೊಡ್ಡ ಡಾಕ್ಟರು ಮಧ್ಯಾಹ್ನ ತೀರ್ಮಾನಿಸುವವರಿದ್ದರು.

ನಿಜ ಬೇರೆಯೇ ಇತ್ತು. ಹೊಸದಾಗಿ ಬಂದ ಪ್ರಾಣಿಯನ್ನು 'ಪ್ರಾಣಿಗಳ ಪಟ್ಟಿ'ಗೆ ಸೇರಿಸುವ ಕಡೆ ಇವಳು 'ನಾಯಿಗಳ ಪಟ್ಟಿ' ಕೊಟ್ಟಿದ್ದಳು. ಬರೆದದ್ದನ್ನು ಓಡಿಸುವ ಮೊದಲೇ ಪರೀಕ್ಷಿಸುವ ಕಂಪೈಲರ್ ಒಪ್ಪಲಿಲ್ಲ. ನಾಯಿ ಪ್ರಾಣಿಯಲ್ಲವೇನು ಎಂದು ಸಿಡುಕಿ, ಒಂದು ಸಾಲು ಬರೆದು ಬಲವಂತವಾಗಿ ಒಪ್ಪಿಸಿದ್ದಳು. ಹಾಗಾಗಿ ಬಂದದ್ದು ಬೆಕ್ಕಾದರೂ ನಾಯಿಗಳ ಪಟ್ಟಿಗೇ ಸೇರಿತ್ತು. ಮೂಗು ಇರುವ ತನಕ ನೆಗಡಿ ತಪ್ಪದು, ಅವಳ ಸಿಡುಕೂ ಹಾಗೆಯೇ.

ತಪ್ಪು ಎಲ್ಲಿದೆ ಎಂದು ತಿಳಿಯದೆ ಅವಳು ವಾರ್ಡಿನಲ್ಲೇ ಲ್ಯಾಪ್‌ಟಾಪ್ ತೆರೆದು ಕೂತಳು. ಸ್ನಾನ ಮಾಡಿಸುವವನು ಬಂದು ಯಾವುದಾದರೂ ಪ್ರಾಣಿ ಕೊಡಿ ಎಂದ. ಅಕ್ಕ ನಾಯಿಗಳ ಕೋಣೆ ತೋರಿಸಿದಳು. ಅವನಿಗೆ ಅಷ್ಟೇ ಸಾಕಾಗಿತ್ತು. ಆಮೇಲೆ ನಾಯಿಗಳ ಡಾಕ್ಟರು ರಜೆ ಎಂದು ಸುದ್ದಿ ಬಂತು. ಎಲ್ಲ ಪ್ರಾಣಿ ನೋಡುವ ಡಾಕ್ಟರನ್ನು ಅಕ್ಕ ಅಲ್ಲಿಗೆ ಕಳಿಸಿದಳು. ಅದೇ ಇನ್ನೊಂದು ದಿನ ಬಾಗಿಲ ಬಳಿ ಬಂದ ಪ್ರಾಣಿಯನ್ನೆಲ್ಲ ನಾಯಿ ಡಾಕ್ಟರೇ ನೋಡಲಿ ಎಂದು ಯಾರೋ ಹೇಳಿದಾಗ ಅಕ್ಕ ಒಪ್ಪಿರಲಿಲ್ಲವಂತೆ. ಯಾಕೆ ಎಂದು ಇವಳು ಕೇಳಿದಳು.

"ಕೊಡೋದಾದ್ರೆ ನಾಯಿ ಕೊಟ್ರೂ ಪ್ರಾಣಿ ಕೊಟ್ಟ ಹಾಗೇ," ಎಂದಳು ಅಕ್ಕ. "ತಗೊಳ್ಳೋರು ಹಾಗಲ್ಲ. ಮೊಲ ಬಂದ್ರೂ ತಗೊಳ್ಳೋ ಹಾಗಿರ್ಬೇಕು."

ಇವಳಿಗೆ ತಟ್ಟನೆ ತನ್ನ ತಪ್ಪು ಹೊಳೆಯಿತು. ಹೊರಗೆ ಕೊಡುವಾಗ ಪ್ರಾಣಿ ಬೇಕೆಂದ ಕಡೆ ನಾಯಿ ಸಲ್ಲುತ್ತದೆ, ಒಳಗೆ ತೆಗೆದುಕೊಳ್ಳುವುದು ತಿರುಗುಮುರುಗು, ನಾಯಿ ನೋಡುವವರ ಜಾಗಕ್ಕೆ ಎಲ್ಲ ಪ್ರಾಣಿ ನೋಡುವವರು ಸಲ್ಲುತ್ತಾರೆ. ಪುಸ್ತಕಗಳು ಕೋವೇರಿಯನ್ಸ್, ಕಾಂಟ್ರಾವೇರಿಯನ್ಸ್ ಎಂದು ಹೆದರಿಸುತ್ತಿದ್ದುದು ಇಷ್ಟನ್ನೇ. ಪಟ್ಟಿ ಕೊಡುವುದು, ತೆಗೆದುಕೊಳ್ಳುವುದು ಎರಡನ್ನೂ ಮಾಡುತ್ತದೆ, ಹಾಗಾಗಿ ಒಂದು ಪಟ್ಟಿಯ ಬದಲು ಇನ್ನೊಂದು ಯಾವ ಕಡೆಗೂ ಸಲ್ಲದು. ಬಲವಂತದ ಸಾಲನ್ನು ಅಳಿಸಿ, ಸೇರಿಸುವ ಕಡೆಗೆ ನಿಜವಾದ ಪ್ರಾಣಿಗಳ ಪಟ್ಟಿಯನ್ನೇ ಕೊಟ್ಟಳು. ವರದಿಗೆ ಮಾತ್ರ ನಾಯಿಗಳ ಪಟ್ಟಿಯನ್ನು ಓದಲಷ್ಟೇ ಬಿಟ್ಟಳು.

ಮಧ್ಯಾಹ್ನ ದೊಡ್ಡ ಡಾಕ್ಟರು ಬಂದರು. ಕಂಪ್ಯೂಟರ್‌ದೇನೋ ದೋಷ ಎಂದು ಅಕ್ಕ ಶುರು ಮಾಡಿದಳು. ಇವಳಿಗೆ ತಡೆದುಕೊಳ್ಳಲಾಗಲಿಲ್ಲ.

"ಅದು ಬೇಡ ಅಂತಾನೇ ಹೇಳಿತ್ತು, ಡಾಕ್ಟ್ರೇ. ನಾನೇ ಬಾಯಿ ಮುಚ್ಚಿಸ್ದೆ."

ಡಾಕ್ಟರು, ಹಾಗಾದರೆ ಅದು ಹೇಳಿದ್ದೇ ಸರಿ, ಇರಲಿ ಎಂದು ಹೊರಟುಹೋದರು. ಪ್ರೋಗ್ರಾಮ್ ಉಳಿಯಿತು. ಅವಳಿಗೆ ಸಮಾಧಾನವಾಗಲಿಲ್ಲ. ಅಕ್ಕ ಅವಳ ಮುಖ ನೋಡುತ್ತಿರಲಿಲ್ಲ.

"ನನಗೆ ಮೊದ್ಲೇ ಹೇಳ್ಬಹುದಿತ್ತಲ್ಲ," ಎಂದಳು ಅಕ್ಕ ಕೊನೆಗೆ. ಬೆಕ್ಕಿನ ಬಟ್ಟಲನ್ನು ಅವಳ ಕಡೆ ಸರಿಸಿದಳು. "ನೀನೇ ತಿನ್ನಿಸು."

ಬೆಕ್ಕು ತಿನ್ನುವ ತನಕ ಇಬ್ಬರೂ ಅಲ್ಲೇ ಕೂತಿದ್ದರು.