ಬಾವಿಯ ರಾಟೆ ಬಿಚ್ಚಿದ ಕೊಟ್ರಮ್ಮ

ಎಪ್ಪತ್ತೊಂಬತ್ತರ ಬೇಸಿಗೆ. ಚನ್ನಗಿರಿಯ ಕೊಟ್ರಮ್ಮನ ಮಗ ಮುರುಗೇಶಪ್ಪನಿಗೆ ಸಾಸ್ವೆಹಳ್ಳಿಯ ಹುಡುಗಿ ಗೊತ್ತಾದಳು. ಮನೆತುಂಬ ಸಡಗರ. ಆದರೆ ಹೊಸ ಜೋಡಿ ಇರುವುದೆಲ್ಲಿ? ಪಕ್ಕದ ತಮ್ಮದೇ ಎರಡಂಕಣದ ಮನೆಯಲ್ಲಿ ಹಾಸಿಗೆ ಹೊಲಿಯುವ ಮೌಲಾಸಾಬ್ ಬಾಡಿಗೆಗಿದ್ದ. ಮನೆ ಬಿಡಿ ಎಂದು ಕೊಟ್ರಮ್ಮ ಹೇಳಿಯೂ ಆಗಿತ್ತು. ಅವನ ಹೆಂಡತಿ ರಹಮತ್‌ಬೀ ಹೂಂ ಎಂದವಳು, ಮಗಳು ಖಮರುನ್ನೀಸಾಳನ್ನು ಹೆರಿಗೆಗೆ ಕರೆಸಿಕೊಂಡು ಸುಮ್ಮನೆ ಕೂತಳು.

ಕೊಟ್ರಮ್ಮನಿಗೆ ಮೈಯೆಲ್ಲ ಉರಿಯಿತು. ಒಂದು ಬೆಳಿಗ್ಗೆ ತನಗೆ ಬೇಕಾದಷ್ಟು ನೀರು ಸೇದಿಕೊಂಡು, ಹಿತ್ತಿಲ ಬಾವಿಯ ರಾಟೆ ಹಗ್ಗ ಬಿಚ್ಚಿ ಒಳಗಿಟ್ಟಳು. "ನೀರಿಲ್ದಿದ್ರೆ ತಾವೇ ಗಂಟುಮೂಟೆ ಕಟ್ತಾರೆ" ಅಂದುಕೊಂಡಳು.

ತುಂಬು ಬಸುರಿ ಖಮರುನ್ನೀಸಾ ಕೊಡ ಹಿಡಿದು ಬೀದಿ ನಲ್ಲಿಗೆ ಹೊರಟಿದ್ದನ್ನು ಮಹಿಳಾ ಮಂಡಳಿಯ ಶಾಂತಾದೇವಿ ಕಂಡಳು. ಕೊಡ ಕಸಿದುಕೊಂಡು, ಹುಡುಗಿಯನ್ನು ಕೊಟ್ರಮ್ಮನ ಜಗುಲಿಯ ಮೇಲೆ ಕೂರಿಸಿ, ನೇರ ಒಳಗೆ ಬಂದಳು.

"ಕೊಟ್ರಮ್ಮಕ್ಕ, ರಾಟೆ ಎಲ್ಲಿ?"

"ಒಳಗೈತೆ. ನನ್ನ ಮನೆ, ನನ್ನ ಬಾವಿ. ಯಾರನ್ನ ಕೇಳ್ಬೇಕು?"

"ಮನೆ ನಿಮ್ದೇ ಕಣಕ್ಕ. ಆದ್ರೆ ಬಾಡಿಗೆಗೆ ಕೊಟ್ಟ ಮೇಲೆ ನೀರು, ದೀಪ ನಿಲ್ಸೋ ಹಂಗಿಲ್ಲ. ಸಾಮಾನು ಬೀದಿಗೆ ಹಾಕೋ ಹಂಗೂ ಇಲ್ಲ. ಬಾಡಿಗೆ ಕಾನೂನು ಅಂತ ಐತೆ."

"ಅಂದ್ರೆ ಅವ್ರು ಮನೆ ನುಂಗಿದ್ರೂ ನಾನು ಬಾಯಿ ಮುಚ್ಕೊಂಡಿರ್ಬೇಕಾ? ನನ್ನ ಸೊಸೆ ಎಲ್ಲಿ ಒಲೆ ಹಚ್ಬೇಕು?"

"ಅದಕ್ಕೂ ಕಾನೂನು ದಾರಿ ಇಟ್ಟೈತೆ. ಮಗನ ಸಂಸಾರಕ್ಕೆ ನಿಜವಾಗ್ಲೂ ಬೇಕು ಅಂತ ನೋಟಿಸು ಕೊಟ್ಟು ಕೋರ್ಟಿನಾಗೆ ಕೇಳ್ಬೋದು. ಇಬ್ಬರ ಕಷ್ಟಾನೂ ತೂಗಿ ಕೋರ್ಟಿನೋರು ತೀರ್ಮಾನ ಹೇಳ್ತಾರೆ. ಅಲ್ಲಿಗೆ ಹೋಗಾಕೆ ಮುಂಚೆ ಒಂದ್ಸಲ ಕುಂತು ಮಾತಾಡಿದ್ರೆ ಗಂಟೇನು ಹೋಗ್ತೈತೆ?"

ಕೊಟ್ರಮ್ಮ ಬಾಗಿಲಾಚೆ ನೋಡಿದಳು. ಜಗುಲಿಯಲ್ಲಿ ಖಮರುನ್ನೀಸಾ ಏದುಸಿರು ಬಿಡುತ್ತಿದ್ದಳು. ಬರುವ ಸೊಸೆಯದೂ ಇದೇ ವಯಸ್ಸು. ಕೊಟ್ರಮ್ಮ ಎದ್ದು ಹೋಗಿ ರಾಟೆ ಕಟ್ಟಿದಳು. ಮೊದಲ ಕೊಡ ತಾನೇ ಸೇದಿಕೊಟ್ಟಳು.

ರಾಟೆ ಸದ್ದಿಗೆ ಹಿತ್ತಿಲಿಗೆ ಬಂದ ರಹಮತ್‌ಬೀ ಕಣ್ಣೊರೆಸಿಕೊಂಡಳು. "ಬಿಡಲ್ಲ ಅಂತಲ್ಲಮ್ಮ. ಬಸುರಿ ಇದ್ದಾಳೆ ಅಂದ್ರೆ ಯಾರೂ ಮನೆ ಕೊಡಾಕೆ ಒಪ್ತಿಲ್ಲ. ಬಾಣಂತನ ಮುಗೀಲಿ, ಖಾಲಿ ಮಾಡ್ತೀವಿ."

"ಅದನ್ನ ಮೊದ್ಲೇ ಬಾಯಿಬಿಟ್ಟು ಹೇಳಾಕೆ ಏನಾಗಿತ್ತು ನಿಂಗೆ?"

ಮದುವೆಯನ್ನು ಕೊಟ್ರಮ್ಮ ಶ್ರಾವಣಕ್ಕೆ ಮುಂದೆ ಹಾಕಿಸಿದಳು. ಖಮರುನ್ನೀಸಾಳಿಗೆ ಗಂಡುಮಗು ಹುಟ್ಟಿತು. ಬೀದಿ ಬೀದಿ ತಿರುಗಿ ಅವರಿಗೆ ಬೇರೆ ಮನೆ ಹುಡುಕಿದವಳೂ, "ಇವ್ರು ಬಾಡಿಗೆ ತಪ್ಪಿಸೋ ಜನ ಅಲ್ಲ" ಎಂದು ಆ ಮನೆಯವರಿಗೆ ಹೇಳಿದವಳೂ ಕೊಟ್ರಮ್ಮನೇ. ಅಲ್ಲಿ ಕರಾರು ಬರೆಸಿ, ತಿಂಗಳು ತಿಂಗಳು ರಶೀದಿ ಕೊಡುವಂತೆ ಶಾಂತಾದೇವಿ ಆ ಮನೆಯವರನ್ನು ಒಪ್ಪಿಸಿದಳು.

ಮದುವೆಗೆ ಸಾಸ್ವೆಹಳ್ಳಿಯಿಂದ ಲಾರಿ ತುಂಬ ಬೀಗರು ಬಂದಿಳಿದರು. ಅವರನ್ನು ಉಳಿಸಿಕೊಳ್ಳಲು ಜಾಗವೇ ಸಾಲಲಿಲ್ಲ. ರಹಮತ್‌ಬೀ ತನ್ನ ಹೊಸ ಮನೆ ಗುಡಿಸಿ, ಅಂಗಡಿಗೆಂದು ಹೊಲಿದಿಟ್ಟ ಹಾಸಿಗೆಗಳನ್ನೆಲ್ಲ ಹಾಸಿಬಿಟ್ಟಳು. ಬೀಗರು ಆರಾಮಾಗಿ ಒರಗಿದರು. ಖಮರುನ್ನೀಸಾಳ ಮಗುವನ್ನು ಹೆಗಲಿಗೆ ಹಾಕಿಕೊಂಡೇ ಕೊಟ್ರಮ್ಮ ಅವರನ್ನು ಊಟಕ್ಕೆ ಎಬ್ಬಿಸಿದಳು.

ಮನೆ ಕೊಟ್ಟ ಅಣ್ಣಂದಿರೇ, ಬಾಡಿಗೆಗಿರುವ ಅಕ್ಕಂದಿರೇ, ಬಾಡಿಗೆಗಿರುವವರು ಬಾಡಿಗೆಯನ್ನು ಹೊತ್ತಿಗೆ ಸರಿಯಾಗಿ ಕೊಡಿ, ರಶೀದಿ ಕೇಳಿ ಪಡೆಯಿರಿ. ಮನೆ ಕೊಟ್ಟವರು ಸಿಟ್ಟಿಗೆ ನೀರು, ದೀಪ ನಿಲ್ಲಿಸಬೇಡಿ. ಮನೆ ನಿಮಗೇ ಬೇಕಾದರೆ ಕಾನೂನಿನ ದಾರಿಯಲ್ಲಿ ಕೇಳಿ. ಅದಕ್ಕೂ ಮೊದಲು, ಇವತ್ತೇ, ಒಂದು ಲೋಟ ಚಹಾ ಇಟ್ಟುಕೊಂಡು ಎದುರುಬದುರು ಕೂತು ಮಾತಾಡಿ.